ಹಿತ್ತಿಲ ಪತ್ರಗಳು: ನೇಟಿವ್ ಚೆರ್ರಿ ಸಸಿ ಒಂಟಿಯಾಗಿ ಬದುಕುವುದಿಲ್ಲ

ಹೋದ ತಿಂಗಳು ವಾಟಲ್ ಗಿಡಗಳ (ಆಸ್ಟ್ರೇಲಿಯಾದ ಅಕೇಶಿಯಾಗಳು) ಬಗ್ಗೆ ಬರೆಯುವಾಗ ನೇಟಿವ್ ಚೆರ್ರಿಯ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿದ್ದೆ. ಅಷ್ಟಕ್ಕೇ ಪತ್ರಗಳ ಕಟ್ಟೇ ಬಂದಿದೆ. ಹೆಚ್ಚಿನವು ವಿಕ್ಟೋರಿಯಾ ಮತ್ತು ಟಾಸ್ಮೇನಿಯಾದಿಂದ, ಒಂದು ಮೂಡಿಗೆರೆಯಿಂದ. ಹಾಗಾಗಿ ಈ ಸಲದ ಪುಟ ಪೂರ್ತಿ ಆ ಮರಕ್ಕೇ ಮೀಸಲು.

ನೋಡದವರಿಗೆ ಎರಡು ಮಾತು. ಇದು ಆಸ್ಟ್ರೇಲಿಯಾದ ಪೂರ್ವ ಮತ್ತು ಆಗ್ನೇಯ ಭಾಗದ ಕಾಡುಗಳಲ್ಲಿ ಬೆಳೆಯುವ ಮರ. ಎತ್ತರ ಸಾಮಾನ್ಯವಾಗಿ 3ರಿಂದ 8 ಮೀಟರ್. ಎಲೆ ಅನ್ನುವಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ. ಹಸಿರು ಕಡ್ಡಿಗಳೇ ಜೋತು ಬಿದ್ದಿರುತ್ತವೆ, ದೂರದಿಂದ ಸೈಪ್ರೆಸ್ ಮರದಂತೆ ಕಾಣುತ್ತದೆ. ಇಲ್ಲಿಯ ಜನ ಚೆರ್ರಿ ಬಲ್ಲಾರ್ಟ್ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಎಕ್ಸೊಕಾರ್ಪಸ್ ಕ್ಯುಪ್ರೆಸ್ಸಿಫಾರ್ಮಿಸ್.

ಪ್ರಶ್ನೆ: ಗಿಪ್ಸ್‌ಲ್ಯಾಂಡ್ ಕಡೆ ಐದು ಎಕರೆ ಜಾಗ ತೆಗೆದುಕೊಂಡಿದ್ದೇವೆ. ಪೂರ್ತಿ ನೀಲಗಿರಿ ಮರಗಳು. ಒಂದು ಮೂಲೆಯಲ್ಲಿ ಹಳೆಯ ನೇಟಿವ್ ಚೆರ್ರಿ ಇದೆ. ಅದರ ಸುತ್ತ ಗೇಣುದ್ದದ ಸಸಿಗಳು ತುಂಬಾ ಎದ್ದಿದ್ದವು. ನಾಲ್ಕನ್ನು ಮಣ್ಣಿನ ಸಮೇತ ಎತ್ತಿ ಕುಂಡಕ್ಕೆ ಹಾಕಿದೆ. ಒಳ್ಳೆಯ ಗೊಬ್ಬರದ ಮಣ್ಣು, ದಿನಾ ನೀರು. ಆದರೂ ತಿಂಗಳೊಳಗೆ ಹಳದಿಯಾಗಿ ಎಲ್ಲವೂ ಒಣಗಿದವು. ನೀರು ಜಾಸ್ತಿ ಆಯಿತು ಅಂತ ನಮ್ಮ ಮನೆಯವರು ಹೇಳುತ್ತಾರೆ. ಹೌದೇ?

ನೀರಿನ ತಪ್ಪಲ್ಲ. ನೀವು ಎತ್ತಿದ್ದು ಬಹುಶಃ ಸಸಿಗಳೇ ಅಲ್ಲ.

ಈ ಮರ ತನ್ನ ಬೇರಿನಿಂದಲೇ ಮೇಲಕ್ಕೆ ಚಿಗುರು ಕಳಿಸುತ್ತದೆ. ಕಾಡ್ಗಿಚ್ಚಿನಲ್ಲಿ ಮರ ಸುಟ್ಟುಹೋದ ಮೇಲೆ ಅದು ಮತ್ತೆ ಏಳುವುದೂ ಹೆಚ್ಚಾಗಿ ಹೀಗೆಯೇ. ನಿಮಗೆ ಸಸಿಯಂತೆ ಕಂಡದ್ದು ತಾಯಿಮರದ ಬೇರುಚಿಗುರು. ಅದಕ್ಕೆ ತನ್ನದೇ ಆದ ಬೇರಿನ ಗೊಂಚಲು ಇರುವುದಿಲ್ಲ. ಇದ್ದರೂ ತೀರಾ ಕಡಿಮೆ. ತಾಯಿಬೇರನ್ನು ಸನಿಕೆಯಲ್ಲಿ ಕತ್ತರಿಸಿದ ಕೂಡಲೇ ಅದರ ಊಟ ನಿಂತಿತು. ಆಮೇಲೆ ಕುಂಡದಲ್ಲಿ ಎಷ್ಟು ಗೊಬ್ಬರ ಇದ್ದರೇನು?

ಗುರುತು ಹಿಡಿಯುವುದು ಕಷ್ಟವಲ್ಲ. ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ. ಕೆಳಗೆ ಅಡ್ಡಲಾಗಿ ಒಂದು ದಪ್ಪ ಬೇರು ಹಾದುಹೋಗಿದ್ದು, ಚಿಗುರು ಅದರ ಬೆನ್ನಿನಿಂದ ಎದ್ದಿದ್ದರೆ ಅದು ಬೇರುಚಿಗುರು. ಅಡ್ಡ ಬೇರೇ ಇಲ್ಲದೆ ಸಣ್ಣ ದಾರದಂಥ ಬೇರು ಕೆಳಕ್ಕೆ ಇಳಿದಿದ್ದರೆ ಬೀಜದಿಂದ ಹುಟ್ಟಿದ್ದು. ಎರಡನೆಯದು ಸಿಗುವುದು ಅಪರೂಪ. ಸಿಕ್ಕರೂ ದಯವಿಟ್ಟು ಎತ್ತಬೇಡಿ, ಮಣ್ಣು ಮುಚ್ಚಿ ಬಿಡಿ. ಯಾಕೆಂದರೆ ಇಲ್ಲಿ ಇನ್ನೊಂದು ವಿಷಯ ಇದೆ, ಮುಖ್ಯವಾದದ್ದು ಅದೇ.

ನೇಟಿವ್ ಚೆರ್ರಿ ಅರೆ ಪರಾವಲಂಬಿ. ಮಾವಿನ ಮರದ ಮೇಲೆ ಬಂದಳಿಕೆ ಕೂತಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಅದು ಕೊಂಬೆಯ ಮೇಲೆ ಕೂತು ಮಾಡುವ ಕೆಲಸವನ್ನು ಈ ಮರ ಮಣ್ಣಿನ ಒಳಗೆ ಮಾಡುತ್ತದೆ. ಅದರ ಬೇರು ಪಕ್ಕದ ಗಿಡದ ಬೇರನ್ನು ಹುಡುಕಿಕೊಂಡು ಹೋಗುತ್ತದೆ. ಮುಟ್ಟಿದ ಕಡೆ ಸಣ್ಣ ಗಂಟಿನಂಥ ಹೀರುಬೇರು ಮಾಡಿಕೊಳ್ಳುತ್ತದೆ. ಅಲ್ಲಿಂದ ನೀರು ಮತ್ತು ಖನಿಜಗಳನ್ನು ಎಳೆದುಕೊಳ್ಳುತ್ತದೆ. ಸಕ್ಕರೆಯನ್ನು ಮಾತ್ರ ತನ್ನ ಹಸಿರು ಕಡ್ಡಿಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೇ ಅರೆ ಅನ್ನುವುದು. ನೀಲಗಿರಿ, ವಾಟಲ್, ಹುಲ್ಲು ಹೀಗೆ ಹಲವು ಬಗೆಯ ಬೇರು ಅದಕ್ಕೆ ಆಗುತ್ತದೆ. ಯಾವುದೂ ಇಲ್ಲದೆ ಮಾತ್ರ ಹೆಚ್ಚು ದಿನ ಬಾಳುವುದಿಲ್ಲ. ಬೀಜದ ಸಸಿಯನ್ನು ಎತ್ತಿದರೂ ಆ ಹೀರುಬೇರುಗಳೆಲ್ಲ ಹರಿದುಹೋಗುತ್ತವೆ.

ನಾನು ಬೆಳೆದದ್ದು ಸಾಗರದ ಕಡೆ. ನಮ್ಮ ತಂದೆ ಹಿತ್ತಿಲಲ್ಲಿ ಶ್ರೀಗಂಧದ ಸಸಿ ಮಾಡುತ್ತಿದ್ದರು. ಪ್ರತಿ ಪಾಲಿಥಿನ್ ಚೀಲದಲ್ಲೂ ಗಂಧದ ಪಕ್ಕ ಒಂದು ತೊಗರಿ ಗಿಡ ಇರಲೇಬೇಕು. ತೊಗರಿ ಸತ್ತರೆ ಕೂಡಲೇ ಇನ್ನೊಂದು ಕಾಳು ಊರುತ್ತಿದ್ದರು. ನೇಟಿವ್ ಚೆರ್ರಿ ಶ್ರೀಗಂಧದ ಕುಟುಂಬದ್ದೇ ಮರ, ಸ್ಯಾಂಟಲೇಸಿ. ಮೆಲ್ಬರ್ನ್‌ನ ಪೂರ್ವದ ಡ್ಯಾಂಡಿನಾಂಗ್ ಬೆಟ್ಟಗಳ ಕಡೆ ಬಂದು ನೆಲೆಸಿ, ಇಲ್ಲಿಯ ಸ್ಥಳೀಯ ಗಿಡಗಳ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದಾಗ ಈ ಮರದ ರೀತಿ ನನಗೆ ಹೊಸದು ಅನಿಸಲೇ ಇಲ್ಲ. ಗಂಧ ಬೆಳೆಸಿದ ಮನೆಯಿಂದ ಬಂದ ಓದುಗರಿದ್ದರೆ ಅವರಿಗೆ ಅರ್ಧ ಪಾಠ ಆಗಲೇ ಗೊತ್ತು.

ನಿಮ್ಮ ಜಾಗದಲ್ಲಿ ಹಳೆಯ ಮರ ಇದೆ, ಅದರ ಸುತ್ತ ಚಿಗುರೂ ಇದೆ. ನೀವು ಏನನ್ನೂ ನೆಡಬೇಕಾಗಿಲ್ಲ. ನಾಲ್ಕು ಗೂಟ ಹೊಡೆದು ಚಿಗುರುಗಳ ಸುತ್ತ ತಂತಿ ಬಲೆ ಕಟ್ಟಿ. ವಾಲಬಿ, ಮೊಲ, ಜಿಂಕೆ ಯಾವುದೂ ಬಾಯಿ ಹಾಕದಂತೆ ನೋಡಿಕೊಳ್ಳಿ. ಒಳಗೆ ಹುಲ್ಲು ಕತ್ತರಿಸುವ ಮೆಷಿನ್ ಓಡಿಸಬೇಡಿ. ಕೆಲವು ವರ್ಷಗಳಲ್ಲಿ ಅಲ್ಲೇ ಒಂದು ತೋಪು ಏಳುತ್ತದೆ.

ಪ್ರಶ್ನೆ: ಬೀಜದಿಂದಲೇ ಸಸಿ ಮಾಡಬೇಕು ಅಂತ ಆಸೆ ಅಕ್ಕಾ. ಯಾವಾಗ ಕೀಳಬೇಕು, ಹೇಗೆ ಬಿತ್ತಬೇಕು, ವಿವರವಾಗಿ ಬರೆಯಿರಿ. ನಾನಿರುವುದು ಬಲ್ಲಾರಾಟ್.

ವಿವರವಾಗಿಯೇ ಬರೆಯುತ್ತೇನೆ. ತಾಳ್ಮೆ ಇರುವವರಿಗೆ ಮಾತ್ರ ಈ ಕೆಲಸ ಅಂತ ಮೊದಲೇ ಹೇಳಿಬಿಡುತ್ತೇನೆ.

ಹಣ್ಣಿನಿಂದ ಶುರು ಮಾಡೋಣ. ಇದರ ಹಣ್ಣು ವಿಚಿತ್ರ. ನಾವು ಹಣ್ಣು ಅಂದುಕೊಳ್ಳುವ ಕೆಂಪು ಭಾಗ ನಿಜವಾಗಿ ಉಬ್ಬಿದ ತೊಟ್ಟು. ಅದರ ತುದಿಯಲ್ಲಿ, ಹೊರಗಡೆಯೇ, ಬೂದು ಹಸಿರಿನ ಗಟ್ಟಿ ಕಾಯಿ ಕೂತಿರುತ್ತದೆ. ಬೀಜ ಇರುವುದು ಅದರೊಳಗೆ. ಗೇರುಹಣ್ಣಿನ ತುದಿಯಲ್ಲಿ ಗೇರುಬೀಜ ಇರುತ್ತದಲ್ಲ, ಅದೇ ಜೋಡಣೆ, ಗಾತ್ರ ಮಾತ್ರ ಬಟಾಣಿ ಕಾಳಿಗಿಂತ ಸಣ್ಣದು. ಇಲ್ಲಿಗೆ ಬಂದ ಮೊದಲ ಯುರೋಪಿಯನ್ನರು ಆಸ್ಟ್ರೇಲಿಯಾದಲ್ಲಿ ಚೆರ್ರಿಯ ಬೀಜ ಹಣ್ಣಿನ ಹೊರಗಿರುತ್ತದೆ ಅಂತ ಊರಿಗೆ ಬರೆಯುತ್ತಿದ್ದರು.

ತೊಟ್ಟು ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು. ಪೂರ್ತಿ ಕೆಂಪಾಗಿ, ಮುಟ್ಟಿದರೆ ಕೈಗೆ ಬೀಳುವಂತಿದ್ದಾಗ ಮಾತ್ರ ಕೀಳಿ. ನಮ್ಮ ಬೆಟ್ಟದಲ್ಲಿ ಬೇಸಿಗೆಯಲ್ಲಿ ಜಾಸ್ತಿ ಸಿಗುತ್ತದೆ. ಒಂದೇ ಕೊಂಬೆಯಲ್ಲಿ ಹೂವು, ಹಸಿರು ಕಾಯಿ, ಕೆಂಪು ಹಣ್ಣು ಮೂರೂ ಇರುವುದುಂಟು. ಹಾಗಾಗಿ ಒಂದೇ ದಿನ ಬೊಗಸೆ ತುಂಬುತ್ತದೆ ಅಂದುಕೊಳ್ಳಬೇಡಿ. ಹಕ್ಕಿಗಳು ನಿಮಗಿಂತ ಬೇಗ ಏಳುತ್ತವೆ. ಸಾಧ್ಯವಾದರೆ ಒಂದೇ ಮರದಿಂದ ಎಲ್ಲವನ್ನೂ ತೆಗೆಯದೆ, ನಾಲ್ಕಾರು ಮರಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ನಿಮ್ಮ ಜಾಗದ್ದೋ ಸ್ನೇಹಿತರ ಜಾಗದ್ದೋ ಆದರೆ ಸರಿ. ರಾಷ್ಟ್ರೀಯ ಉದ್ಯಾನ, ಸರ್ಕಾರಿ ಕಾಡುಗಳಲ್ಲಿ ಅನುಮತಿ ಇಲ್ಲದೆ ಒಂದು ಬೀಜವನ್ನೂ ತೆಗೆಯುವ ಹಾಗಿಲ್ಲ.

ಮನೆಗೆ ತಂದ ದಿನವೇ ತೊಟ್ಟಿನ ತಿರುಳನ್ನು ಉಜ್ಜಿ ತೆಗೆದು, ಕಾಯಿಯನ್ನು ತೊಳೆದು, ಅಂದೇ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ನೋಡೋಣ ಅಂದರೆ ಕೆಲಸ ಕೆಡುತ್ತದೆ. ಹಕ್ಕಿಯ ಹೊಟ್ಟೆಯ ಮೂಲಕ ಹಾದು ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ ಅಂತ ಇಲ್ಲಿಯ ಹಳಬರು ನಂಬುತ್ತಾರೆ. ಬೇಲಿ ಕಂಬದ ಬುಡದಲ್ಲಿ, ಹಕ್ಕಿ ಕೂರುವ ಕೊಂಬೆಯ ಕೆಳಗೆ ಹಿಕ್ಕೆಯ ಜೊತೆ ಬಿದ್ದ ಕಾಯಿಗಳು ಸಿಕ್ಕರೆ ನಾನೂ ಬಿಡುವುದಿಲ್ಲ, ಆರಿಸಿಕೊಳ್ಳುತ್ತೇನೆ.

ಈಗ ಕುಂಡ. ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಮೊದಲು ಬೀಜ ಬಿತ್ತಿ, ಮೊಳಕೆ ಬಂದ ಮೇಲೆ ಆಸರೆ ಗಿಡ, ಅಂದರೆ ಹೀರಲು ಬೇರು ಒದಗಿಸುವ ಗಿಡ, ಹುಡುಕುತ್ತಾರೆ. ಕ್ರಮ ತಿರುಗಮುರುಗ ಆಗಬೇಕು. ಆಸರೆ ಗಿಡ ಮೊದಲು. ಬೀಜ ಬಿತ್ತುವ ಹೊತ್ತಿಗೆ ಕುಂಡದಲ್ಲಿ ಅದರ ಬೇರು ಚೆನ್ನಾಗಿ ಹಬ್ಬಿರಬೇಕು. ಆಗ ಮೊಳಕೆಯ ಬೇರು ಕೆಳಕ್ಕೆ ಇಳಿದ ಕೂಡಲೇ ಒಂದಲ್ಲ ಒಂದು ಬೇರು ಸಿಗುತ್ತದೆ.

ಆಸರೆಗೆ ನಾನು ಮೆಚ್ಚುವುದು ಸ್ಥಳೀಯ ಹುಲ್ಲು. ಟಸಕ್ ಹುಲ್ಲು, ಅಂದರೆ ಪೋವಾ ಲಾಬಿಲ್ಲಾರ್ಡಿಯೆರಿ, ಇಲ್ಲಿಯ ಯಾವ ಸ್ಥಳೀಯ ನರ್ಸರಿಯಲ್ಲೂ ಸಿಗುತ್ತದೆ. ಲಾಬಿಲ್ಲಾರ್ಡಿಯೇರ್ ಅನ್ನುವ ಫ್ರೆಂಚ್ ಸಸ್ಯಶಾಸ್ತ್ರಜ್ಞರ ಹೆಸರು ಆ ಹುಲ್ಲಿಗೆ ಇದೆ. ಅವರು 1792ರಲ್ಲಿ ಫ್ರೆಂಚ್ ನಾವಿಕ ಡಾಂಟ್ರಕಾಸ್ಟೋ ಅವರ ಹಡಗುಗಳ ಜೊತೆ ಟಾಸ್ಮೇನಿಯಾಕ್ಕೆ ಬಂದಿದ್ದರು. ನೇಟಿವ್ ಚೆರ್ರಿಯನ್ನು ಮೊದಲು ವಿವರಿಸಿ 1800ರಲ್ಲಿ ಪ್ರಕಟಿಸಿದವರೂ ಅವರೇ. ಹುಲ್ಲು ಮತ್ತು ಚೆರ್ರಿ ಒಂದೇ ಕುಂಡದಲ್ಲಿ ಕೂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಕಾಂಗರೂ ಹುಲ್ಲು ಕೂಡ ಆಗುತ್ತದೆ, ಥೀಮಿಡಾ ಟ್ರಯಾಂಡ್ರಾ. ಈ ಹುಲ್ಲು ಭಾರತದಲ್ಲೂ ಬೆಳೆಯುತ್ತದೆ. ನೆಲಕ್ಕೆ ಅಂಟಿಕೊಂಡು ಹಬ್ಬುವ ಕಿಡ್ನಿ ವೀಡ್ ಇನ್ನೊಂದು ಒಳ್ಳೆಯ ಆಯ್ಕೆ, ಅದು ಸಸಿಗೆ ನೆರಳು ಮಾಡಿ ಮುಚ್ಚಿಬಿಡುವುದಿಲ್ಲ. ಕೆಲವರು ಸಣ್ಣ ವಾಟಲ್ ಸಸಿ ಇಡುತ್ತಾರೆ. ವಾಟಲ್ ಬೇಗ ಬೆಳೆದು ಕುಂಡವನ್ನೇ ಆಕ್ರಮಿಸುತ್ತದೆ, ಅದಕ್ಕೇ ನಾನು ಅದನ್ನು ನೆಲಕ್ಕೆ ನೆಡುವ ಹೊತ್ತಿಗೆ ಉಳಿಸಿಕೊಳ್ಳುತ್ತೇನೆ.

ಕುಂಡ ಆಳವಾಗಿರಲಿ. ಮಣ್ಣು ನೀರು ಬಸಿದು ಹೋಗುವಂಥದ್ದು, ಆಸ್ಟ್ರೇಲಿಯಾದ ಸ್ಥಳೀಯ ಗಿಡಗಳಿಗೆಂದು ಮಾರುವ ಮಿಶ್ರಣಕ್ಕೆ ದಪ್ಪ ಮರಳು ಬೆರೆಸಿದರೆ ಸಾಕು. ಕೋಳಿ ಗೊಬ್ಬರ, ಕುರಿ ಗೊಬ್ಬರ ಬೇಡ. ಹುಲ್ಲು ನೆಟ್ಟು ಅದು ಹಿಡಿದುಕೊಂಡ ಮೇಲೆ, ಅದರ ಬುಡದ ಪಕ್ಕದಲ್ಲೇ ಕಾಯಿಗಳನ್ನು ಒತ್ತಿ, ತಮ್ಮಷ್ಟೇ ದಪ್ಪದ ಮಣ್ಣು ಮುಚ್ಚಿ. ಒಂದು ಕುಂಡಕ್ಕೆ ಐದಾರು ಕಾಯಿ ಇರಲಿ. ಮೇಲೆ ಸಣ್ಣ ಜಲ್ಲಿಯ ತೆಳು ಪದರ ಹರಡಿ. ಇಲಿ ಕೆದಕದಂತೆ ತಂತಿ ಜಾಲರಿ ಹಾಕಿ. ತಾರೀಖು ಬರೆದ ಚೀಟಿ ಸಿಕ್ಕಿಸಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ.

ಆಮೇಲೆ ಕುಂಡವನ್ನು ಹೊರಗೇ ಇಡಿ. ಬಲ್ಲಾರಾಟ್‌ನ ಚಳಿ ತೀರಾ ಜೋರು, ಅದು ಗೊತ್ತಿದೆ. ಆ ಚಳಿ, ಆ ಮಳೆ ಎರಡೂ ಬೀಜಕ್ಕೆ ಬೇಕು. ಗೋಡೆಯ ಪಕ್ಕ ಅರೆ ನೆರಳಿನಲ್ಲಿ ಸಾಕು. ಮಣ್ಣು ಪೂರ್ತಿ ಒಣಗಬಾರದು. ಮೊಳಕೆ ಯಾವಾಗ? ಕೆಲವು ತಿಂಗಳಲ್ಲಿ ಬಂದರೆ ಪುಣ್ಯ. ಒಂದು ಚಳಿಗಾಲ ಪೂರ್ತಿ ಸುಮ್ಮನಿದ್ದು ಮರುವರ್ಷ ಏಳುವುದೂ ಇದೆ. ಒಂದೇ ದಿನ ಬಿತ್ತಿದ ಐದರಲ್ಲಿ ಒಂದು ಮೊದಲು ಬಂದು, ಇನ್ನೊಂದು ಎಷ್ಟೋ ಕಾಲದ ನಂತರ ಬರುತ್ತದೆ, ಉಳಿದವು ಬರುವುದೇ ಇಲ್ಲ. ಇದರ ಸ್ವಭಾವವೇ ಹಾಗೆ.

ಮೊಳಕೆ ಬಂದ ಮೇಲೆ ಒಂದೇ ಕೆಲಸ. ಹುಲ್ಲು ಸಸಿಯ ಮೇಲೆ ಬೀಳದಂತೆ ಆಗಾಗ ಕತ್ತರಿಯಿಂದ ಮೇಲ್ಭಾಗ ಕತ್ತರಿಸುತ್ತಿರಿ. ಬುಡ ಕೀಳಬೇಡಿ, ಸಸಿ ಉಣ್ಣುತ್ತಿರುವುದು ಆ ಬುಡದಿಂದ.

ಕುಂಡದ ಗೊಡವೆಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ತಾಜಾ ಬೀಜವನ್ನು ನೇರವಾಗಿ ನೆಲದಲ್ಲೇ, ಬೆಳೆದ ನೀಲಗಿರಿಯೋ ವಾಟಲ್ಲೋ ಇರುವ ಕಡೆ, ಹುಲ್ಲಿನ ಬುಡದಲ್ಲಿ ಊರಿ. ಮೇಲೆ ತಂತಿಯ ಬುಟ್ಟಿ ಕವುಚಿ, ಜಾಗಕ್ಕೆ ಗುರುತಿನ ಗೂಟ ಹೊಡೆಯಿರಿ. ಎತ್ತಿ ನೆಡುವಾಗ ಬೇರು ಹರಿಯುವ ಭಯವೇ ಇಲ್ಲ. ಜಾಗ ಇರುವವರಿಗೆ ನಾನು ಹೇಳುವುದು ಇದನ್ನೇ.

ಪ್ರಶ್ನೆ: ಸ್ಥಳೀಯ ಗಿಡಗಳ ನರ್ಸರಿಯಲ್ಲಿ ಒಂದು ಸಸಿ ಸಿಕ್ಕಿತು. ಟ್ಯೂಬ್‌ನಲ್ಲಿ, ಅಂದರೆ ಸಸಿ ಮಾರುವ ಸಣ್ಣ ಉದ್ದ ಕುಂಡದಲ್ಲಿ ಇದೆ. ಜೊತೆಗೆ ಕಳೆ ಹುಲ್ಲೂ ಬೆಳೆದಿದೆ. ಅದನ್ನು ಕಿತ್ತು ನೆಡಬೇಕೇ? ಹೋಬಾರ್ಟ್‌ನಲ್ಲಿ ನಮ್ಮ ಹಿತ್ತಿಲು ಚಿಕ್ಕದು.

ಕೀಳಬೇಡಿ! ಅದು ಕಳೆಯಲ್ಲ, ನರ್ಸರಿಯವರು ಬೇಕೆಂದೇ ಇಟ್ಟ ಆಸರೆ. ನೀವು ಕೇಳಿದ್ದು ಒಳ್ಳೆಯದಾಯಿತು.

ನೆಡುವ ಕಾಲ ಶರತ್ಕಾಲ. ಅಂದರೆ ಇಲ್ಲಿ ಏಪ್ರಿಲ್, ಮೇ. ಮೊದಲ ಮಳೆ ಬಿದ್ದು ನೆಲ ನೆನೆದಿರಬೇಕು, ಆದರೆ ಇನ್ನೂ ಸ್ವಲ್ಪ ಬೆಚ್ಚಗಿರಬೇಕು. ಹಾಗಾದರೆ ಬೇರುಗಳಿಗೆ ಬೇಸಿಗೆಗೆ ಮುಂಚೆ ಪೂರ್ತಿ ಚಳಿಗಾಲ, ವಸಂತ ಸಿಗುತ್ತದೆ.

ಜಾಗ ಆರಿಸುವಾಗ ಬಿಸಿಲನ್ನು ನೋಡುವ ಮೊದಲು ಪಕ್ಕದಲ್ಲಿ ಯಾವ ಗಿಡ ಇದೆ ಅಂತ ನೋಡಿ. ನೀಲಗಿರಿಯೋ ವಾಟಲ್ಲೋ ಇದ್ದರೆ ಅದರ ಬೇರು ಹರಡಿರುವ ವಲಯದ ಒಳಗೆ ನೆಡಿ. ಕೊಂಬೆಗಳ ಅಂಚಿನ ನೇರಕ್ಕೆ ಆದರೆ ಸರಿಹೋಗುತ್ತದೆ. ಕಾಂಡಕ್ಕೆ ತಾಗಿಸಿ ಬೇಡ. ಚಿಕ್ಕ ಹಿತ್ತಿಲಲ್ಲಿ ಏನೂ ಇಲ್ಲದಿದ್ದರೆ ಈ ವರ್ಷ ಒಂದು ವಾಟಲ್ ನೆಟ್ಟು, ಸುತ್ತ ಟಸಕ್ ಹುಲ್ಲು ಹಾಕಿ. ಚೆರ್ರಿ ಸಸಿ ಅದೇ ಟ್ಯೂಬ್‌ನಿಂದ ಸ್ವಲ್ಪ ದೊಡ್ಡ ಕುಂಡಕ್ಕೆ ಹೋಗಲಿ, ಹುಲ್ಲಿನ ಜೊತೆಗೇ. ಮುಂದಿನ ಶರತ್ಕಾಲಕ್ಕೆ ನೆಲಕ್ಕೆ ಇಳಿಸಿ. ಒಂದು ಮಾತು ನೆನಪಿಡಿ. ಹಲವು ವಾಟಲ್‌ಗಳ ಆಯಸ್ಸು ಕಡಿಮೆ, ಹತ್ತು ಹದಿನೈದು ವರ್ಷಕ್ಕೆ ಮುಗಿಯುವುದುಂಟು. ಅಷ್ಟರಲ್ಲಿ ಚೆರ್ರಿಗೆ ಬೇರೊಂದು ಆಸರೆಯೂ ಹತ್ತಿರ ಇರಬೇಕು. ಅದಕ್ಕೇ ಒಂದೇ ಗಿಡವನ್ನು ನಂಬಬೇಡಿ, ಎರಡು ಮೂರು ಬಗೆ ಇರಲಿ.

ಟ್ಯೂಬ್ ತೆಗೆಯುವಾಗ ಮಣ್ಣಿನ ಮುದ್ದೆ ಒಡೆಯಬಾರದು. ಬೇರೆ ಗಿಡಗಳಿಗೆ ಬೇರು ಬಿಡಿಸಿ ನೆಡುವ ಅಭ್ಯಾಸ ಕೆಲವರಿಗೆ ಇರುತ್ತದೆ, ಇಲ್ಲಿ ಅದು ಬೇಡವೇ ಬೇಡ. ಹಿಂದಿನ ದಿನ ಚೆನ್ನಾಗಿ ನೀರು ಕೊಡಿ, ಟ್ಯೂಬನ್ನು ಪಕ್ಕದಿಂದ ಕತ್ತರಿಸಿ, ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದು ಗುಂಡಿಯಲ್ಲಿ ಕೂರಿಸಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ಸಸಿಗಷ್ಟೇ ಅಲ್ಲ, ಪಕ್ಕದ ಆಸರೆಗೂ ನೀರು ಹೋಗಬೇಕು. ಸುತ್ತಮುತ್ತ ಕಳೆನಾಶಕ ಸಿಂಪಡಿಸಬೇಡಿ, ಆಸರೆ ಸತ್ತರೆ ಸಸಿಯೂ ಹೋಯಿತು.

ಪ್ರಶ್ನೆ: ನಮ್ಮ ದೊಡ್ಡ ನೀಲಗಿರಿ ಮರವನ್ನು ಇದು ಕೊಂದುಬಿಡುವುದಿಲ್ಲವೇ? ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ.

ಇಲ್ಲ. ಬೆಳೆದ ನೀಲಗಿರಿಗೆ ಇದರಿಂದ ಜೀವಕ್ಕೆ ಅಪಾಯ ಇಲ್ಲ. ಎರಡೂ ಒಟ್ಟಿಗೆ ಬೆಳೆದು ಬಂದ ಕಾಡು ಇದು. ಆಸರೆ ಸತ್ತರೆ ತನಗೂ ಕಷ್ಟ. ಕುಂಡದಲ್ಲಿರುವ ಸಣ್ಣ ಆಸರೆ ಗಿಡ ಸ್ವಲ್ಪ ಸೊರಗಬಹುದು, ಅಷ್ಟೇ. ನಿಮ್ಮ ನೆರೆಯವರನ್ನು ಒಂದು ದಿನ ಹತ್ತಿರದ ಕಾಡಿಗೆ ಕರೆದುಕೊಂಡು ಹೋಗಿ. ಭಾರಿ ನೀಲಗಿರಿಗಳ ಬುಡದಲ್ಲಿ ಎಷ್ಟೋ ಹಳೆಯ ಚೆರ್ರಿ ಮರಗಳು ನಿಂತಿರುವುದನ್ನು ಅವರೇ ನೋಡಲಿ.

ಪ್ರಶ್ನೆ: ನಮ್ಮ ನೇಟಿವ್ ಚೆರ್ರಿಯ ಕಡ್ಡಿಗಳ ಮೇಲೆ ಕಂಬಳಿಹುಳುಗಳ ಗುಂಪು ಕೂತಿದೆ. ಔಷಧಿ ಹೊಡೆಯಬೇಕೇ?

ಬೇಡ. ವುಡ್ ವೈಟ್ ಅನ್ನುವ ಚಿಟ್ಟೆಯ ಹುಳುಗಳು ಈ ಮರವನ್ನು ತಿಂದು ಬೆಳೆಯುತ್ತವೆ, ಗುಂಪಾಗಿಯೇ ಇರುತ್ತವೆ. ಬೆಳೆದ ಮರ ಅಷ್ಟನ್ನು ತಡೆದುಕೊಳ್ಳುತ್ತದೆ. ಗೇಣುದ್ದದ ಸಸಿಯ ಮೇಲೆ ಕೂತಿದ್ದರೆ ಮಾತ್ರ ಕಡ್ಡಿ ಸಮೇತ ಎತ್ತಿ ದೊಡ್ಡ ಮರಕ್ಕೆ ದಾಟಿಸಿ. ಆ ಚಿಟ್ಟೆ ನಿಮ್ಮ ಹಿತ್ತಿಲಿಗೆ ಬಂದದ್ದೇ ಈ ಮರ ಇರುವುದರಿಂದ ಅಲ್ವಾ?

ಪ್ರಶ್ನೆ: ಮಕ್ಕಳು ಹಣ್ಣು ತಿನ್ನಬಹುದೇ?

ಪೂರ್ತಿ ಕೆಂಪಾದ ತೊಟ್ಟನ್ನು ತಿನ್ನಬಹುದು. ಇಲ್ಲಿಯ ಮೂಲನಿವಾಸಿಗಳು ಬಹಳ ಹಿಂದಿನಿಂದ ತಿನ್ನುತ್ತಾ ಬಂದಿದ್ದಾರೆ. ಸಣ್ಣ ಸಿಹಿ, ಕೊನೆಗೆ ಸ್ವಲ್ಪ ಒಗರು. ಹಸಿರು, ಹಳದಿ ಇರುವಾಗ ಬಾಯಿಗಿಟ್ಟರೆ ನಾಲಿಗೆ ಹಿಡಿದುಕೊಳ್ಳುತ್ತದೆ. ತುದಿಯ ಗಟ್ಟಿ ಕಾಯನ್ನು ತೆಗೆದು ಕೊಡಿ. ಸಣ್ಣ ಮಕ್ಕಳು ಅದನ್ನು ನುಂಗಬಾರದು, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮರದ ಗುರುತು ಖಚಿತವಾಗಿ ತಿಳಿದವರು ಜೊತೆಗಿದ್ದರೆ ಮಾತ್ರ. ರಸ್ತೆ ಪಕ್ಕದ ಮರಗಳ ಬುಡಕ್ಕೆ ಕಳೆನಾಶಕ ಹೊಡೆದಿರುತ್ತಾರೆ, ಅಲ್ಲಿಯದು ಬೇಡ. ಮತ್ತೆ, ನಾಲ್ಕು ಹಣ್ಣು ತಿಂದು ಉಳಿದದ್ದನ್ನು ಸಿಲ್ವರ್‌ಐ, ಕರ್ರವಾಂಗ್ ಹಕ್ಕಿಗಳಿಗೆ ಬಿಡಲು ಮಕ್ಕಳಿಗೆ ಹೇಳಿ. ಹೊಸ ಮರಗಳನ್ನು ಬಿತ್ತುವವರು ಅವರೇ.

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮ ಕಾಫಿ ತೋಟ ಇದೆ. ಇಲ್ಲಿ ನೀಲಗಿರಿಯೂ ಇದೆ, ಸಿಲ್ವರ್ ಓಕ್ ಕೂಡ ಇದೆ. ಸ್ವಲ್ಪ ನೇಟಿವ್ ಚೆರ್ರಿ ಬೀಜ ಪೋಸ್ಟ್ ಮಾಡಿ ಮೇಡಂ, ಬೆಳೆಸಿ ನೋಡುತ್ತೇನೆ.

ನಿಮ್ಮ ಉತ್ಸಾಹಕ್ಕೆ ಸಂತೋಷ. ಆದರೆ ಕಳಿಸುವುದಿಲ್ಲ. ಎರಡೂ ದೇಶಗಳ ಕಾನೂನು ಇದಕ್ಕೆ ಅಡ್ಡ ಇದೆ. ಇಲ್ಲಿಯ ಸ್ಥಳೀಯ ಸಸ್ಯಗಳ ರಫ್ತಿಗೆ 1999ರ ಪರಿಸರ ಕಾಯ್ದೆಯ ನಿಯಮಗಳಿವೆ. ಭಾರತಕ್ಕೆ ಬೀಜ ತರಿಸಲು 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಲಕೋಟೆಯಲ್ಲಿ ಹಾಕಿ ಕಳಿಸುವ ವಸ್ತುವಲ್ಲ ಇದು.

ಕಾನೂನು ಬಿಟ್ಟು ಹೇಳುವುದಾದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಪಕ್ಕದ ಬೇರಿಗೆ ಕೈ ಹಾಕಿ ಬದುಕುವ ಒಂದು ಹೊರಗಿನ ಮರ, ಹಕ್ಕಿ ತಿಂದು ಹರಡುವ ಹಣ್ಣು. ಅದು ಪಶ್ಚಿಮ ಘಟ್ಟದ ಅಂಚಿನ ತೋಟಕ್ಕೆ ಯಾಕೆ? ನಿಮಗೆ ಈ ಬಗೆಯ ಮರವನ್ನು ಬೆಳೆಸಿ ನೋಡುವ ಆಸೆ ಇದ್ದರೆ ನಿಮ್ಮ ಕೈಗೆಟುಕುವಲ್ಲೇ ಶ್ರೀಗಂಧ ಇದೆ. ತೋಟದ ಒಣ ಅಂಚಿನಲ್ಲಿ, ನೀರು ನಿಲ್ಲದ ಕಡೆ ನೋಡಿ. ಬೀಜವನ್ನು ಮೊಳಕೆಗೆ ಚುರುಕು ಕೊಡುವ ಜಿಬ್ಬರೆಲಿಕ್ ಆಮ್ಲದ 500 ಪಿಪಿಎಂ (ಲೀಟರಿಗೆ 500 ಮಿಲಿಗ್ರಾಂ) ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತುವುದು ನರ್ಸರಿಗಳ ರೂಢಿ. ಚೀಲದಲ್ಲಿ ತೊಗರಿ, ನೆಲದಲ್ಲಿ ಸರ್ವೆ, ಹೊಂಗೆಯಂಥ ದೀರ್ಘಕಾಲದ ಆಸರೆ. ಮೊದಲು ಖಾಸಗಿ ಜಮೀನಿನ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಮರ ಬೆಳೆದವರದ್ದೇ. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಆಸ್ಟ್ರೇಲಿಯಾದವರು ನಮ್ಮ ಶ್ರೀಗಂಧವನ್ನು ಪಶ್ಚಿಮದ ಕುನುನರ್ರಾದಲ್ಲಿ ಸಾಲು ಸಾಲಾಗಿ ಬೆಳೆಸಿದ್ದಾರೆ, ಅಲ್ಲೂ ಪ್ರತಿ ಗಂಧದ ಪಕ್ಕ ಆಸರೆ ಮರ ಇದ್ದೇ ಇದೆ.

ಪ್ರಶ್ನೆ: ಮನೆ ಕಟ್ಟಲು ಜಾಗ ಸಮ ಮಾಡಿಸಬೇಕು. ಅಡ್ಡ ಬರುವ ಹತ್ತಡಿಯ ಚೆರ್ರಿ ಮರವನ್ನು ಬೇರೆ ಕಡೆ ಸ್ಥಳಾಂತರ ಮಾಡಬಹುದೇ?

ಆಗುವುದಿಲ್ಲ. ಜೆಸಿಬಿಯಲ್ಲಿ ಎಷ್ಟು ದೊಡ್ಡ ಮಣ್ಣಿನ ಮುದ್ದೆ ತೆಗೆದರೂ ಆಸರೆಯ ಬೇರು ಅಲ್ಲೇ ಉಳಿಯುತ್ತದೆ. ವಿಕ್ಟೋರಿಯಾದಲ್ಲಿ ಸ್ಥಳೀಯ ಸಸ್ಯಗಳನ್ನು ತೆಗೆಯಲು ಬಹಳಷ್ಟು ಸಂದರ್ಭಗಳಲ್ಲಿ ಯೋಜನಾ ಅನುಮತಿ ಬೇಕು, ಆದ್ದರಿಂದ ಗರಗಸ ಹಿಡಿಯುವ ಮೊದಲು ಕೌನ್ಸಿಲ್‌ಗೆ ಫೋನ್ ಮಾಡಿ. ಅದಕ್ಕೂ ಮೊದಲು ನಕ್ಷೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿ. ಹತ್ತಡಿ ಆಗಲು ಆ ಮರ ತೆಗೆದುಕೊಂಡಿರುವ ಕಾಲ ಸಣ್ಣದಲ್ಲ. ಗ್ಯಾರೇಜನ್ನು ಸ್ವಲ್ಪ ಸರಿಸಿದರೆ ಮರ ಉಳಿಯುತ್ತದೆ ಅಂತಾದರೆ ಸರಿಸಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಬಿತ್ತಿ ಒಂದು ವರ್ಷ ಆಯಿತು. ಕುಂಡದಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ. ಮಣ್ಣು ಸುರಿದುಬಿಡಲೇ?

ಸುರಿಯಬೇಡಿ. ಇನ್ನೊಂದು ಚಳಿಗಾಲ ಕಳೆಯಲಿ. ಬೆರಳು ಹಾಕಿ ಕೆದಕಿ ನೋಡುವುದೂ ಬೇಡ, ಆಗಷ್ಟೇ ಬಿರಿದ ಬೀಜದ ಬೇರು ಮುರಿಯುತ್ತದೆ. ಹುಲ್ಲು ಹಸಿರಾಗಿದೆ ಅಂದರೆ ನಿಮ್ಮ ಅರ್ಧ ಕೆಲಸ ಸರಿಯಾಗಿಯೇ ಇದೆ. ಅದನ್ನು ಗಿಡ್ಡವಾಗಿ ಕತ್ತರಿಸಿ, ಜಾಲರಿ ಗಟ್ಟಿಯಾಗಿದೆಯೇ ನೋಡಿ, ನೀರು ಕೊಡುತ್ತಿರಿ. ಬೇಸಿಗೆಯಲ್ಲಿ ಹೊಸ ಹಣ್ಣು ಬಂದಾಗ ಅದೇ ಕುಂಡದ ಇನ್ನೊಂದು ಬದಿಗೆ ತಾಜಾ ಕಾಯಿಗಳನ್ನೂ ಒತ್ತಿ, ಎರಡನೇ ಚೀಟಿ ಸಿಕ್ಕಿಸಿ. ಅಕ್ಟೋಬರ್ ಹೊತ್ತಿಗೆ ಏನಾಯಿತು ಅಂತ ಬರೆಯಿರಿ. ಬರೆಯುವಾಗ ಯಾವ ಹುಲ್ಲು ಇಟ್ಟಿದ್ದೀರಿ, ಬೀಜ ಯಾವ ತಿಂಗಳು ಕಿತ್ತದ್ದು ಅನ್ನುವುದನ್ನೂ ತಿಳಿಸಿ.